ಎಲಿಜಬೆತ್ ಕಾಟನ್: ಜನಪದ ಹಾಡುಗಾರಿಕೆ, ಧ್ವನಿಮುದ್ರಣ ಮತ್ತು ಕರ್ತೃತ್ವದ ಪ್ರಶ್ನೆ

ಜನಪದ ಸಾಹಿತ್ಯದ ಲಕ್ಷಣಗಳನ್ನು ನಿರೂಪಿಸುವಾಗ ಕನ್ನಡದ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲು ಹೆಸರಿಸುವ ಲಕ್ಷಣ ಅಜ್ಞಾತಕರ್ತೃತ್ವ. ಹಾಡು ಸಮುದಾಯದ್ದು, ಕಟ್ಟಿದವರು ಯಾರೆಂದು ತಿಳಿಯದು, ಬಾಯಿಂದ ಬಾಯಿಗೆ ಹರಿದು ಬಂದದ್ದು ಎಂಬ ವಿವರಣೆ ತರಗತಿಯ ಟಿಪ್ಪಣಿಗಳಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಈ ಲಕ್ಷಣವು ಹಾಡಿನ ಸ್ವಭಾವದಿಂದ ಹುಟ್ಟಿದುದೋ ಅಥವಾ ಹಾಡನ್ನು ಸಂಗ್ರಹಿಸಿ, ಅಚ್ಚುಮಾಡಿ, ಧ್ವನಿಮುದ್ರಿಸಿದ ಕ್ರಮದಿಂದ ಅದಕ್ಕೆ ಅಂಟಿಕೊಂಡದ್ದೋ ಎಂಬುದನ್ನು ಸೈದ್ಧಾಂತಿಕವಾಗಿ ಚರ್ಚಿಸುವುದಕ್ಕಿಂತ ಒಂದು ನಿರ್ದಿಷ್ಟ ಪ್ರಸಂಗದ ಮೂಲಕ ಪರಿಶೀಲಿಸುವುದು ಹೆಚ್ಚು ಫಲಕಾರಿ. ಅಮೆರಿಕದ ಕಪ್ಪು ಜನಾಂಗದ ಹಾಡುಗಾರ್ತಿ ಎಲಿಜಬೆತ್ ಕಾಟನ್ (1893–1987) ಅವರ ಬದುಕು ಅಂತಹ ಒಂದು ಪ್ರಸಂಗ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹಾಡು ಕಟ್ಟಿದ ಈಕೆಯ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು ಅರವತ್ತೈದನೆಯ ವಯಸ್ಸಿನಲ್ಲಿ. ಈ ನಡುವಿನ ಅರ್ಧ ಶತಮಾನದಲ್ಲಿ ಏನು ನಡೆಯಿತು, ಅದರ ಕೊನೆಯಲ್ಲಿ ಆ ಹಾಡಿನ ಒಡೆತನ ಯಾರ ಕೈ ಸೇರಿತ್ತು ಎಂಬುದು ಪ್ರಸ್ತುತ ಲೇಖನದ ವಿಷಯ.

ಕಾಟನ್ ಹುಟ್ಟಿದ್ದು ಉತ್ತರ ಕೆರೊಲಿನಾ ರಾಜ್ಯದ ಚಾಪೆಲ್ ಹಿಲ್ ಊರಿಗೆ ಹೊಂದಿಕೊಂಡ ಕಾರ್‌ಬರೋದಲ್ಲಿ. ತಂದೆಯ ಮನೆತನದ ಹೆಸರು ನೆವಿಲ್. ಮನೆಯಲ್ಲಿ ಮಗುವನ್ನು ಮುದ್ದು ಹೆಸರುಗಳಿಂದ ಕರೆಯುತ್ತಿದ್ದರೇ ಹೊರತು ಇಟ್ಟ ಹೆಸರೆಂಬುದು ಇರಲಿಲ್ಲ. ಶಾಲೆಯ ಮೊದಲ ದಿನ ಹಾಜರಿ ಕರೆಯುವಾಗ ಹೆಸರೇನೆಂದು ಕೇಳಿದ ಶಿಕ್ಷಕರಿಗೆ 'ಎಲಿಜಬೆತ್' ಎಂದು ತಾನೇ ಹೇಳಿಬಿಟ್ಟೆ ಎಂದು ಕಾಟನ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಹುಡುಗಿ ಎಂಬ ಈ ವಿವರವನ್ನು ಜೀವನಚರಿತ್ರೆಯ ಸ್ವಾರಸ್ಯವೆಂದು ದಾಟಿಬಿಡುವುದು ಸುಲಭ. ಆದರೆ ಹೆಸರಿನ ಪ್ರಶ್ನೆಯೇ ಮುಂದೆ ಈ ಬದುಕಿನ ಮುಖ್ಯ ವ್ಯಾಜ್ಯವಾಯಿತು ಎಂಬುದನ್ನು ಗಮನಿಸಿದರೆ ಅದಕ್ಕೆ ಬೇರೆಯದೇ ತೂಕ ಬರುತ್ತದೆ.

ಏಳೆಂಟರ ವಯಸ್ಸಿನಲ್ಲಿ ಅಣ್ಣನ ಬ್ಯಾಂಜೊ ವಾದ್ಯವನ್ನು ಅವನಿಲ್ಲದ ಹೊತ್ತಿನಲ್ಲಿ ಎತ್ತಿಕೊಂಡು ನುಡಿಸಲು ತೊಡಗಿದ ಬಾಲಕಿ ಎಡಚಿ. ವಾದ್ಯ ತನ್ನದಲ್ಲವಾದ್ದರಿಂದ ಎಡಗೈಗೆ ಹೊಂದುವಂತೆ ತಂತಿಗಳನ್ನು ಬದಲಿಸಿ ಕಟ್ಟುವಂತಿರಲಿಲ್ಲ. ವಾದ್ಯವನ್ನೇ ತಿರುಗಿಸಿ ಹಿಡಿದು ನುಡಿಸಬೇಕಾಯಿತು. ಶಾಲೆಯನ್ನು ಬೇಗನೆ ಬಿಟ್ಟು ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಸೇರಿದಾಗ ದೊರೆತ ಸಂಬಳ ತಿಂಗಳಿಗೆ ಮುಕ್ಕಾಲು ಡಾಲರ್. ಅದರಲ್ಲಿ ಉಳಿಸಿದ ಹಣದಿಂದ 3 ಡಾಲರ್ 75 ಸೆಂಟ್ ಬೆಲೆಯ ಸ್ಟೆಲ್ಲಾ ಗಿಟಾರ್ ಒಂದನ್ನು ಕೊಂಡದ್ದು ಹನ್ನೊಂದರ ಆಸುಪಾಸಿನಲ್ಲಿ. ಐದು ತಿಂಗಳ ದುಡಿಮೆಯ ಬೆಲೆ ಅದು. ಬ್ಯಾಂಜೊದಲ್ಲಿ ರೂಢಿಯಾದ ತಿರುವುಮುರುವು ಹಿಡಿತವೇ ಗಿಟಾರಿನಲ್ಲಿಯೂ ಮುಂದುವರಿಯಿತು.

ಈ ಹಿಡಿತದ ಸಂಗೀತ ಪರಿಣಾಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಲಗೈಯಿಂದ ಮೀಟುವವರಿಗೆ ಗಿಟಾರಿನ ದಪ್ಪ ತಂತಿಗಳು, ಅಂದರೆ ಮಂದ್ರದ ತಂತಿಗಳು, ಮೇಲ್ಗಡೆ ಇರುತ್ತವೆ. ಹೆಬ್ಬೆರಳು ಮಂದ್ರದ ಲಯವನ್ನು ನಡೆಸಿದರೆ ಉಳಿದ ಬೆರಳುಗಳು ಮೇಲಿನ ಸ್ವರಗಳಲ್ಲಿ ಮಟ್ಟನ್ನು ಹೊರಡಿಸುತ್ತವೆ. ಕಾಟನ್ ಅವರ ಹಿಡಿತದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ದಪ್ಪ ತಂತಿಗಳು ಕೆಳಗೆ ಬರುವುದರಿಂದ ಬೆರಳುಗಳು ಮಂದ್ರವನ್ನು ನಡೆಸುತ್ತವೆ, ಹೆಬ್ಬೆರಳು ಮಟ್ಟನ್ನು ಹಾಡಿಸುತ್ತದೆ. ಮಟ್ಟಿಗೆ ಹೆಬ್ಬೆರಳಿನ ದುಂಡುತನ, ಮಂದ್ರಕ್ಕೆ ಬೆರಳಿನ ಹಗುರ ಚಲನೆ ಹೀಗೆ ಒದಗಿದವು. ಮುಂದೆ 'ಕಾಟನ್ ಶೈಲಿ' ಎಂದೇ ಹೆಸರಾದ ಈ ನುಡಿಸಾಣಿಕೆಯನ್ನು ಬಲಗೈಯ ವಾದಕರು ಅನುಕರಿಸಬಲ್ಲರಾದರೂ ಅದರ ನಾದದ ತೂಕ ಅವರ ಕೈಗೆ ಸುಲಭವಾಗಿ ದಕ್ಕುವುದಿಲ್ಲ. ಶೈಲಿಯೊಂದು ಪರಂಪರೆಯಿಂದ ಬಂದದ್ದೆಂದು ಹೇಳುವಾಗ ಅದರಲ್ಲಿ ಒಬ್ಬ ವ್ಯಕ್ತಿಯ ದೇಹದ ಪಾಲು ಎಷ್ಟೆಂಬುದನ್ನು ಮರೆಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

'ಫ್ರೇಟ್ ಟ್ರೈನ್' ಎಂಬ ಹಾಡು ರೂಪುಗೊಂಡದ್ದು ಈ ದಿನಗಳಲ್ಲಿಯೇ. ಮನೆಯ ಹತ್ತಿರ ಹಾದುಹೋಗುತ್ತಿದ್ದ ಗೂಡ್ಸ್ ರೈಲಿನ ಸದ್ದು ಅದರ ಮೂಲ. ಯಾವ ಬಂಡಿ ಹತ್ತಿ ಹೋದೆನೆಂದು ಯಾರಿಗೂ ತಿಳಿಸಬೇಡಿ ಎನ್ನುವ ಓಡಿಹೋಗುವವರ ಧ್ವನಿ ಹಾಡಿನಲ್ಲಿದೆ. ಅದರ ಬೆನ್ನಿಗೇ ಸತ್ತ ಮೇಲೆಯೂ ರೈಲಿನ ಸದ್ದು ಕಿವಿಗೆ ಬೀಳುವಂತಹ ಕಡೆ ಮಣ್ಣುಮಾಡಬೇಕೆಂಬ ಬಯಕೆ ಬರುತ್ತದೆ. ಬಾಲ್ಯದಲ್ಲಿ ಕಟ್ಟಿದ ಹಾಡಿಗೆ ಇಂತಹ ವಸ್ತು ಹೇಗೆ ಬಂತೆಂದು ಅಚ್ಚರಿಪಡುವವರು ಆ ಪ್ರದೇಶದ ಚರಿತ್ರೆಯನ್ನು ನೆನೆಯಬೇಕು. ಉತ್ತರ ಕೆರೊಲಿನಾದಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ವಾಸ್ತವದಲ್ಲಿ ಕಿತ್ತುಕೊಂಡ ಸಂವಿಧಾನ ತಿದ್ದುಪಡಿ ಬಂದದ್ದು 1900ರಲ್ಲಿ. ರೈಲು ಹತ್ತಿ ಉತ್ತರಕ್ಕೆ ಹೋಗಿಬಿಡುವ ಕನಸು ಅಂದಿನ ಕಪ್ಪು ಜನರ ಮನೆಗಳಲ್ಲಿ ಮಕ್ಕಳಿಗೂ ಅಪರಿಚಿತವಾಗಿರಲಿಲ್ಲ. 'ಓ ಬೇಬ್ ಇಟ್ ಏಂಟ್ ನೋ ಲೈ' ಎಂಬ ಇನ್ನೊಂದು ಹಾಡು ನೆರೆಯ ಹೆಂಗಸೊಬ್ಬಳು ಹೇಳಿದ ಚಾಡಿಯಿಂದಾಗಿ ತಾಯಿಯ ಶಿಕ್ಷೆಗೆ ಗುರಿಯಾದ ಸಂದರ್ಭದಲ್ಲಿ ಹುಟ್ಟಿದ್ದು. ಎರಡೂ ಹಾಡುಗಳಿಗೆ ನಿರ್ದಿಷ್ಟ ಮನೆ, ನಿರ್ದಿಷ್ಟ ನೆರೆಹೊರೆ, ನಿರ್ದಿಷ್ಟ ಸಂಕಟ ಇದೆ. ಸಮುದಾಯದ ಭಾಷೆ ಹಾಗೂ ಮಟ್ಟುಗಳನ್ನು ಬಳಸಿಕೊಂಡು ಒಬ್ಬಳು ಕಟ್ಟಿದ ಹಾಡುಗಳಿವು.

ಹದಿಹರೆಯ ಮುಗಿಯುವ ಮೊದಲೇ ಮದುವೆಯಾಯಿತು, ಮಗಳು ಹುಟ್ಟಿದಳು. ಲೌಕಿಕ ಹಾಡುಗಳನ್ನು ನುಡಿಸುವುದು ಭಕ್ತರಿಗೆ ತಕ್ಕುದಲ್ಲವೆಂದು ಚರ್ಚಿನ ಹಿರಿಯರು ಎಚ್ಚರಿಸಿದ ಮೇಲೆ ಗಿಟಾರ್ ಕ್ರಮೇಣ ಕೈಬಿಟ್ಟಿತು. ಹೊಟ್ಟೆಪಾಡಿನ ಮನೆಗೆಲಸ ಮಾತ್ರ ನಿಲ್ಲಲಿಲ್ಲ. ಹೀಗೆ ವಾದ್ಯ ಮುಟ್ಟದೆ ಕಳೆದ ವರ್ಷಗಳು ಮೂವತ್ತಕ್ಕೂ ಹೆಚ್ಚು.

ಈ ವರ್ಷಗಳಲ್ಲಿಯೇ ಅಮೆರಿಕದಲ್ಲಿ ಜನಪದ ಹಾಡುಗಳ ಸಂಗ್ರಹ ಮತ್ತು ಧ್ವನಿಮುದ್ರಣ ಎರಡೂ ಭರದಿಂದ ನಡೆದವು ಎಂಬುದು ಗಮನಾರ್ಹ. 1920ರಲ್ಲಿ ಮೇಮಿ ಸ್ಮಿತ್ ಅವರ 'ಕ್ರೇಜಿ ಬ್ಲೂಸ್' ಮುದ್ರಿಕೆ ಅಪಾರವಾಗಿ ಮಾರಾಟವಾದ ಬಳಿಕ ಗ್ರಾಮಫೋನ್ ಕಂಪನಿಗಳು ಕಪ್ಪು ಗಾಯಕ ಗಾಯಕಿಯರನ್ನು ಹುಡುಕಿಕೊಂಡು ಹೊರಟವು. ಚಾಪೆಲ್ ಹಿಲ್‌ನಲ್ಲಿಯೇ ಇರುವ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಹೋವರ್ಡ್ ಓಡಮ್ ಮತ್ತು ಗೈ ಜಾನ್ಸನ್ ಎಂಬ ವಿದ್ವಾಂಸರು ಕಪ್ಪು ಜನರ ಹಾಡುಗಳನ್ನು ಕುರಿತ ಎರಡು ಮಹತ್ವದ ಗ್ರಂಥಗಳನ್ನು 1925 ಮತ್ತು 1926ರಲ್ಲಿ ಪ್ರಕಟಿಸಿದರು. ಆ ವಿಶ್ವವಿದ್ಯಾಲಯದ ನೆರಳಿನಲ್ಲಿಯೇ ಹುಟ್ಟಿ ಬೆಳೆದ ಹೆಣ್ಣುಮಗಳ ಹಾಡು ಧ್ವನಿಮುದ್ರಣಗೊಳ್ಳಲು ಅಲ್ಲಿಂದ ಮತ್ತೆ ಮೂರು ದಶಕ ಬೇಕಾಯಿತು. ಕ್ಷೇತ್ರಕಾರ್ಯದ ಕಣ್ಣಿಗೆ ಯಾರು ಬೀಳುತ್ತಾರೆ ಎಂಬುದು ಎಲ್ಲ ಕಾಲಕ್ಕೂ ಕೇಳಬೇಕಾದ ಪ್ರಶ್ನೆ. ಬೀದಿಯಲ್ಲಿ, ಕೆಲಸದ ಬಯಲಿನಲ್ಲಿ ಹಾಡುವವರು ಸಂಗ್ರಾಹಕರಿಗೆ ಬೇಗ ಸಿಗುತ್ತಾರೆ. ಪರರ ಅಡುಗೆಮನೆಯಲ್ಲಿ ಬಾಯಿ ಮುಚ್ಚಿ ದುಡಿಯುವವರು ಸಿಗುವುದಿಲ್ಲ.

ಮಗಳ ಸಂಸಾರದೊಡನೆ ಇರಲೆಂದು ವಾಷಿಂಗ್‌ಟನ್ ನಗರಕ್ಕೆ ಬಂದ ಕಾಟನ್ 1940ರ ದಶಕದಲ್ಲಿ ಅಲ್ಲಿನ ಲ್ಯಾನ್ಸ್‌ಬರ್ಗ್ ಎಂಬ ದೊಡ್ಡ ಮಳಿಗೆಯಲ್ಲಿ ಕೆಲಸಕ್ಕಿದ್ದರು. ಅಂಗಡಿಯಲ್ಲಿ ತಪ್ಪಿಸಿಕೊಂಡಿದ್ದ ಹುಡುಗಿಯೊಬ್ಬಳನ್ನು ಅವರು ತಾಯಿಗೆ ಒಪ್ಪಿಸಿದರು. ಹುಡುಗಿ ಪೆಗ್ಗಿ ಸೀಗರ್. ತಾಯಿ ಸಂಗೀತ ಸಂಯೋಜಕಿ ರೂತ್ ಕ್ರಾಫರ್ಡ್ ಸೀಗರ್. ತಂದೆ ಸಂಗೀತಶಾಸ್ತ್ರಜ್ಞ ಚಾರ್ಲ್ಸ್ ಸೀಗರ್. ಈ ಪರಿಚಯದಿಂದ ಕಾಟನ್ ಸೀಗರ್ ಅವರ ಮನೆಗೆಲಸಕ್ಕೆ ಸೇರಿದರು. ಅವರನ್ನು ಕುರಿತ ಬರಹಗಳಲ್ಲೆಲ್ಲ ಈ ಆಕಸ್ಮಿಕ ಭೇಟಿಗೆ ಅಗ್ರಸ್ಥಾನ. ಕಥೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಅದನ್ನೇ ಕಾರಣವೆಂದು ಹೇಳತೊಡಗಿದರೆ ಪ್ರತಿಭೆಯನ್ನು ಅಷ್ಟು ಕಾಲ ಮುಚ್ಚಿಟ್ಟ ವ್ಯವಸ್ಥೆ ಹಿನ್ನೆಲೆಗೆ ಸರಿದು, ಅದನ್ನು ಕಂಡುಹಿಡಿದ ಕುಟುಂಬದ ಔದಾರ್ಯ ಮುನ್ನೆಲೆಗೆ ಬರುತ್ತದೆ. 1928ರಲ್ಲಿ ಧ್ವನಿಮುದ್ರಣ ಮಾಡಿ ಮರೆಯಾಗಿ 1963ರಲ್ಲಿ ಮತ್ತೆ ಪತ್ತೆಯಾದ ಮಿಸ್ಸಿಸಿಪ್ಪಿ ಜಾನ್ ಹರ್ಟ್ ಅವರಂಥವರ ವಿಷಯದಲ್ಲಿ 'ಮರುಶೋಧ' ಎಂಬ ಮಾತು ಹೊಂದುತ್ತದೆ. ಕಾಟನ್ ಅವರಿಗೆ ಮರುಶೋಧದ ಭಾಗ್ಯವೂ ಇರಲಿಲ್ಲ. ಮೊದಲ ಶೋಧವೇ ಆಗಿರಲಿಲ್ಲ.

ಸೀಗರ್ ಅವರ ಮನೆಯ ವೈಪರೀತ್ಯವನ್ನೂ ಹೇಳಬೇಕು. ರೂತ್ ಕ್ರಾಫರ್ಡ್ ಸೀಗರ್ ಅವರು ಜಾನ್ ಮತ್ತು ಆಲನ್ ಲೋಮ್ಯಾಕ್ಸ್ ತಂದೆಮಕ್ಕಳು ಹಳ್ಳಿಗಳಲ್ಲಿಯೂ ಸೆರೆಮನೆಗಳಲ್ಲಿಯೂ ಸಂಗ್ರಹಿಸಿ ತಂದ ಧ್ವನಿಮುದ್ರಿತ ತಟ್ಟೆಗಳನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಿದವರು. 1941ರ 'ಅವರ್ ಸಿಂಗಿಂಗ್ ಕಂಟ್ರಿ' ಸಂಕಲನದ ಸ್ವರಲಿಪಿ ಅವರದು. ಮಕ್ಕಳಿಗಾಗಿ ಅವರು ಸಿದ್ಧಪಡಿಸಿದ ಜನಪದ ಹಾಡುಗಳ ಸಂಕಲನ 1948ರಲ್ಲಿ ಬಂತು. ಜನಪದ ಹಾಡಿಗಾಗಿ ಇಷ್ಟು ಶ್ರಮಿಸುತ್ತಿದ್ದ ಮನೆಯಲ್ಲಿ ಆ ಪರಂಪರೆಯ ಹಾಡುಗಾರ್ತಿ ಬಟ್ಟೆಗೆ ಇಸ್ತ್ರಿ ಹಾಕುತ್ತ, ಅಡುಗೆ ಮಾಡುತ್ತ ಇದ್ದರು. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಕಾಟನ್ ಇಳಿಸಿ ನುಡಿಸಿದ ಮೇಲೆಯೇ ಮನೆಯವರಿಗೆ ಸಂಗತಿ ತಿಳಿದದ್ದು. 'ಲಿಬ್ಬಾ' ಎಂಬ ಕರೆಹೆಸರು ಆ ಮನೆಯಲ್ಲಿ ಬಂದದ್ದು. ಅಲ್ಲಿಂದ ಮುಂದೆ ಮನೆಯ ಮಕ್ಕಳಾದ ಮೈಕ್ ಮತ್ತು ಪೆಗ್ಗಿ ಅವರಿಂದ ಹಾಡುಗಳನ್ನು ಕಲಿತರು. ವಾದ್ಯ ಮರೆತಿದ್ದ ಬೆರಳುಗಳಿಗೆ ಐವತ್ತು ದಾಟಿದ ಮೇಲೆ ಹಳೆಯ ಹಾಡುಗಳು ಒಂದೊಂದಾಗಿ ಮರಳಿದವು.

ಮೈಕ್ ಸೀಗರ್ (1933–2009) 1957ರ ಕೊನೆಯಲ್ಲಿಯೂ 1958ರ ಆರಂಭದಲ್ಲಿಯೂ ಕಾಟನ್ ಅವರ ಮನೆಗೇ ಟೇಪ್ ಯಂತ್ರವನ್ನು ಒಯ್ದು ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಇಲ್ಲಿ ತಂತ್ರಜ್ಞಾನದ ಪಾತ್ರವನ್ನು ಕಡೆಗಣಿಸುವಂತಿಲ್ಲ. 1920ರ ದಶಕದ ಹಾಡುಗಾರರು ಕಂಪನಿ ಹೂಡಿದ ಕೋಣೆಗೆ ತಾವೇ ಹೋಗಬೇಕಿತ್ತು. ಮೂರು ನಿಮಿಷದ ತಟ್ಟೆಗೆ ಹಾಡನ್ನು ಅಳವಡಿಸಬೇಕಿತ್ತು. ಮಾರಾಟವಾಗದಿದ್ದರೆ ಎರಡನೆಯ ಅವಕಾಶ ಇರಲಿಲ್ಲ. ಯುದ್ಧಾನಂತರದ ಟೇಪ್ ಯಂತ್ರ ಹಾಡುವವರ ಮಲಗುವ ಕೋಣೆಗೂ ಬಂತು. 1948ರಲ್ಲಿ ಬಂದ ದೀರ್ಘವಾದನದ ತಟ್ಟೆ ಇಡೀ ಸಂಚಯವೊಂದಕ್ಕೆ ಎಡೆಮಾಡಿತು. ಅದೇ ವರ್ಷ ಮೋಸೆಸ್ ಆಶ್ ಸ್ಥಾಪಿಸಿದ ಫೋಕ್‌ವೇಸ್ ಸಂಸ್ಥೆ ಕಡಿಮೆ ಮಾರಾಟದ ಮುದ್ರಿಕೆಗಳನ್ನೂ ಪಟ್ಟಿಯಿಂದ ಕೈಬಿಡದೆ ಒದಗಿಸುವ ನಿಯಮವನ್ನು ಪಾಲಿಸಿತು. ಪ್ರತಿ ಮುದ್ರಿಕೆಯೊಡನೆ ಹಾಡುವವರ ಪರಿಚಯ, ಹಾಡಿನ ಹುಟ್ಟು, ಶ್ರುತಿಕ್ರಮ ಇವುಗಳನ್ನು ತಿಳಿಸುವ ಪುಸ್ತಿಕೆ ಇರುತ್ತಿತ್ತು. ಈ ಪುಸ್ತಿಕೆಯೇ ಕರ್ತೃತ್ವದ ದಾಖಲೆ. ಸಂಶೋಧಕರು ತಟ್ಟೆಗೆ ಕೊಟ್ಟಷ್ಟೇ ಬೆಲೆಯನ್ನು ಅದಕ್ಕೂ ಕೊಡಬೇಕು.

1958ರಲ್ಲಿ ಬಂದ ಆ ಮೊದಲ ಮುದ್ರಿಕೆಯ ಒಳಪಠ್ಯ ಕುತೂಹಲಕರ. ಬ್ಲೂಸ್ ಎಂದು ಸಾರಾಸಗಟಾಗಿ ಕರೆಯಬಹುದಾದ ಹಾಡುಗಳು ಅದರಲ್ಲಿ ಹೆಚ್ಚಿಲ್ಲ. ಕುಣಿತದ ಗತಿಗಳು, ರ‍್ಯಾಗ್ ಮಾದರಿಯ ವಾದನ, ಚರ್ಚಿನ ಹಾಡುಗಳು, ಬ್ಯಾಂಜೊ ಹಾಡುಗಳು ಬೆರೆತಿವೆ. ಬ್ಲೂಸ್ ಹರಡುವ ಮೊದಲಿನ ದಕ್ಷಿಣದ ಕಪ್ಪು ಜನರ ತಂತಿವಾದ್ಯ ಸಂಪ್ರದಾಯ ಹೇಗಿತ್ತೆಂಬುದಕ್ಕೆ ಇದೊಂದು ಅಪೂರ್ವ ಸಾಕ್ಷ್ಯ. ಅದರಲ್ಲಿರುವ 'ವಾಸ್ಟಪೋಲ್' ಮತ್ತು 'ಸ್ಪ್ಯಾನಿಷ್ ಫ್ಲ್ಯಾಂಗ್ ಡ್ಯಾಂಗ್' ಎಂಬ ಎರಡು ವಾದನಗಳು ಕರ್ತೃತ್ವದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹ. ಇವು ನಾಡಿನ ಮಣ್ಣಿನಿಂದ ತಾವಾಗಿ ಎದ್ದ ಗತಿಗಳಲ್ಲ. ಹೆನ್ರಿ ವೊರಾಲ್ ಎಂಬ ಗಿಟಾರ್ ವಾದಕ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಹಾಕಿಸಿದ 'ಸೆಬಾಸ್ಟೊಪೋಲ್' ಮತ್ತು 'ಸ್ಪ್ಯಾನಿಷ್ ಫಂಡ್ಯಾಂಗೊ' ಎಂಬ ರಚನೆಗಳು ಮಧ್ಯಮವರ್ಗದ ಮನೆಗಳ ಪಡಸಾಲೆಯಿಂದ ಇಳಿದು, ಕಿವಿಯಿಂದ ಕಿವಿಗೆ ದಾಟಿ, ಹೆಸರನ್ನು ಅಪಭ್ರಂಶಗೊಳಿಸಿಕೊಂಡು ಕಾರ್‌ಬರೋವನ್ನು ಮುಟ್ಟಿದ ರೂಪಗಳಿವು. ಕ್ರೈಮಿಯಾದ ಯುದ್ಧದ ನೆನಪಿನ ಊರಹೆಸರು ಅರ್ಥ ಕಳೆದುಕೊಂಡು ಬರಿಯ ನಾದವಾಗಿ ಉಳಿದಿದೆ. ಬರಹದಿಂದ ಮೌಖಿಕಕ್ಕೆ ನಡೆದ ಈ ಸಾಗಣೆಯಲ್ಲಿ ಕರ್ತೃವಿನ ಹೆಸರು ಉದುರಿಹೋಗಿದೆ. ಹೀಗೆ ಒಂದೇ ತಟ್ಟೆಯಲ್ಲಿ ಹೆಸರು ಕಳೆದುಕೊಂಡ ಅಚ್ಚಿನ ರಚನೆಗಳೂ, ಕಟ್ಟಿದವರೇ ಎದುರಿಗೆ ಕುಳಿತು ಹಾಡಿದ ಹಾಡುಗಳೂ ಇವೆ. ಎರಡನ್ನೂ 'ಜನಪದ' ಎಂಬ ಒಂದೇ ಮಾತು ಹೊದ್ದಿಸಿಬಿಡುತ್ತದೆ.

ಈ ಹೊದಿಕೆಯ ಬೆಲೆಯನ್ನು ಕಾಟನ್ ತೆರಬೇಕಾಯಿತು. ಮೊದಲ ಮುದ್ರಿಕೆ ಬರುವುದಕ್ಕೆ ಮುನ್ನವೇ, 1950ರ ದಶಕದ ಮಧ್ಯಭಾಗದಲ್ಲಿ, ಪೆಗ್ಗಿ ಸೀಗರ್ ಇಂಗ್ಲೆಂಡಿಗೆ ಹೋಗಿ ಅಲ್ಲಿ 'ಫ್ರೇಟ್ ಟ್ರೈನ್' ಹಾಡತೊಡಗಿದರು. ಅದು ಅಲ್ಲಿ ಸ್ಕಿಫಲ್ ಸಂಗೀತದ ಕಾಲ. ಅಗ್ಗದ ಗಿಟಾರ್ ಹಿಡಿದ ಯುವಕರು ಅಮೆರಿಕದ ಹಳೆಯ ಹಾಡುಗಳಿಗಾಗಿ ಹಾತೊರೆಯುತ್ತಿದ್ದರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡ ನ್ಯಾನ್ಸಿ ವಿಸ್ಕಿ ಅವರ ಕಂಠದಲ್ಲಿ ಹೊರತಂದ ಈ ಹಾಡು ಬ್ರಿಟನ್ನಿನ ಜನಪ್ರಿಯ ಪಟ್ಟಿಯಲ್ಲಿ ಮೊದಲ ಐದರೊಳಗೆ ಸೇರಿತು. ಹಕ್ಕುಸ್ವಾಮ್ಯ ಮಾತ್ರ ಪಾಲ್ ಜೇಮ್ಸ್ ಮತ್ತು ಫ್ರೆಡ್ ವಿಲಿಯಮ್ಸ್ ಎಂಬ ಹೆಸರುಗಳಲ್ಲಿ ದಾಖಲಾಗಿತ್ತು. ಹಾಡು ಎರಡು ಖಂಡಗಳಲ್ಲಿ ಮೊಳಗುತ್ತಿದ್ದಾಗ ಅದನ್ನು ಕಟ್ಟಿದವರು ವಾಷಿಂಗ್‌ಟನ್ನಿನಲ್ಲಿ ಮನೆಗೆಲಸದಲ್ಲಿದ್ದರು. ಸೀಗರ್ ಕುಟುಂಬದ ನೆರವಿನಿಂದ ಕಾನೂನಿನ ಹಾದಿ ಹಿಡಿದ ಬಳಿಕ ಕಾಟನ್ ಅವರ ಕರ್ತೃತ್ವಕ್ಕೆ ಮನ್ನಣೆ ದೊರೆಯಿತು. ಆದರೂ ಹಲವು ಮುದ್ರಿಕೆಗಳ ಮೇಲೆ ಆ ಹಳೆಯ ಹೆಸರುಗಳು ಉಳಿದೇ ಬಂದವು.

ಇಲ್ಲಿ ಕೆಲಸ ಮಾಡಿದ ತರ್ಕವನ್ನು ಬಿಡಿಸಿ ನೋಡಬೇಕು. ಜನಪದ ಹಾಡಿಗೆ ಕರ್ತೃವಿಲ್ಲ, ಆದ್ದರಿಂದ ಅದು ಎಲ್ಲರದು. ಎಲ್ಲರದಾದ್ದರಿಂದ ಮೊದಲು ಕಾಗದದ ಮೇಲಿಳಿಸಿ ನೋಂದಾಯಿಸಿದವರದು. ವಿದ್ವತ್ತಿನ ವಲಯದಲ್ಲಿ ಗೌರವಸೂಚಕವಾಗಿ ಬಳಕೆಯಾಗುವ ಅಜ್ಞಾತಕರ್ತೃತ್ವ ಎಂಬ ಪರಿಭಾಷೆ ಮಾರುಕಟ್ಟೆಗೆ ಇಳಿದಾಗ ಬೀಗವಿಲ್ಲದ ಬಾಗಿಲಾಗುತ್ತದೆ. ಕನ್ನಡದ ಸಂದರ್ಭಕ್ಕೆ ಈ ಮಾತು ಅನ್ಯವಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ಹೊದಿಕೆಯ ಮೇಲೆ ಸಂಗೀತ ನಿರ್ದೇಶಕರ, ಗಾಯಕರ, ಕಂಪನಿಯ ಹೆಸರುಗಳು ಅಚ್ಚಾಗುತ್ತಿದ್ದವು. ಸಾಹಿತ್ಯದ ಎದುರು 'ಜಾನಪದ' ಎಂಬ ಒಂದು ಪದವಿರುತ್ತಿತ್ತು. 1931ರ 'ಗರತಿಯ ಹಾಡು' ಸಂಕಲನದಿಂದ ಹಲಸಂಗಿ ಗೆಳೆಯರ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅರ್ಹವಾಗಿಯೇ ನಿಂತಿದೆ. ಬೀಸುವ ಕಲ್ಲಿನ ಮುಂದೆ ಆ ಹಾಡುಗಳನ್ನು ಹಾಡಿದ ಗರತಿಯರ ಹೆಸರು ಹಾಗೆ ನಿಂತಿಲ್ಲ. ತತ್ತ್ವಪದಕಾರರಿಗೆ ಅಂಕಿತವಿತ್ತು, ಶಿಶುನಾಳ ಶರೀಫರ ಪದ ಎಷ್ಟು ಬಾಯಿ ದಾಟಿದರೂ ಅಂಕಿತ ಅದರ ಬೆನ್ನು ಬಿಡಲಿಲ್ಲ. ಬೀಸುವ ಪದ ಕಟ್ಟಿದವಳಿಗೆ ಆ ಸವಲತ್ತು ಇರಲಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಹಾಡಿದವರ ಹಕ್ಕಿಗೆ ಹೀಗೆ ಒಂದು ನೆಲೆ ಸಿಕ್ಕಿತಾದರೂ ಕಟ್ಟಿದವರು ಯಾರೆಂದು ಕೇಳುವ ಹೊಣೆ ಕ್ಷೇತ್ರಕಾರ್ಯದ ಮೇಲೆಯೇ ಉಳಿದಿದೆ. ವಕ್ತೃಗಳ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು ಬರೆದುಕೊಳ್ಳುವ ನಮ್ಮ ಸಂಶೋಧಕರು 'ಇದನ್ನು ಯಾರಿಂದ ಕಲಿತಿರಿ' ಎಂದು ಕೇಳುತ್ತಾರೆ. 'ನೀವೇ ಕಟ್ಟಿದ್ದು ಯಾವುದು' ಎಂದು ಕೇಳುವುದು ಕಡಿಮೆ.

ಆದರೆ ವಾದವನ್ನು ಇನ್ನೊಂದು ತುದಿಗೆ ಎಳೆದು, ಪ್ರತಿ ಹಾಡಿಗೂ ಒಬ್ಬ ಒಡೆಯ ಇದ್ದೇ ಇರುತ್ತಾನೆಂದು ಸಾಧಿಸಹೊರಟರೆ ಕಾಟನ್ ಅವರ ಎರಡನೆಯ ಮುದ್ರಿಕೆಯೇ ಅಡ್ಡಬರುತ್ತದೆ. 1967ರ 'ಶೇಕ್ ಶುಗರಿ' ಮುದ್ರಿಕೆಯ ಶೀರ್ಷಿಕೆ ಗೀತೆ ಮಲಗುವ ಹೊತ್ತಿನಲ್ಲಿ ಮರಿಮಕ್ಕಳ ಜೊತೆಗೂಡಿ ಕಟ್ಟಿದ್ದು. ಒಬ್ಬೊಬ್ಬ ಮಗುವಿನದು ಒಂದೊಂದು ನುಡಿ. ಮನೆಯ ಸಾಮಾನುಗಳೆಲ್ಲ ಒಂದೊಂದಾಗಿ ಒತ್ತೆಯಂಗಡಿ ಸೇರುವುದನ್ನು ಆಟದಂತೆ ಹೇಳುವ ಹಾಡದು. ಮುದ್ರಿಕೆಯಲ್ಲಿ ಅದನ್ನು ಹಾಡಿರುವುದು ಹನ್ನೆರಡು ವರ್ಷದ ಮರಿಮಗಳು. ಮುತ್ತಜ್ಜಿಯದು ಗಿಟಾರ್ ಮಾತ್ರ. 'ಫ್ರೇಟ್ ಟ್ರೈನ್' ಕಟ್ಟಿದಾಗ ಕಾಟನ್ ಅವರಿಗಿದ್ದುದೂ ಸರಿಸುಮಾರು ಇದೇ ವಯಸ್ಸು. ಸಮುದಾಯ ರಚನೆ ಎಂದು ಶಾಸ್ತ್ರಗ್ರಂಥಗಳು ಹೇಳುವ ಪ್ರಕ್ರಿಯೆ ಹೆಸರುಳ್ಳ ನಾಲ್ಕೈದು ಜನರ ನಡುವೆ, ಒಂದು ಹಾಸಿಗೆಯ ಸುತ್ತ, ನಡೆಯುವ ಬಗೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸಾಮೂಹಿಕವಾದದ್ದು ಅನಾಮಧೇಯವೇ ಆಗಿರಬೇಕಿಲ್ಲ.

1960ರ ಆಸುಪಾಸಿನಲ್ಲಿ ಮೈಕ್ ಸೀಗರ್ ಅವರೊಡನೆ ವೇದಿಕೆ ಏರಲಾರಂಭಿಸಿದ ಕಾಟನ್ 1964ರ ನ್ಯೂಪೋರ್ಟ್ ಜನಪದ ಉತ್ಸವದಲ್ಲಿಯೂ ಹಾಡಿದರು. ಕಛೇರಿಗಳ ನಡುವೆ ಮನೆಗೆಲಸವೂ ವರ್ಷಗಟ್ಟಲೆ ಮುಂದುವರಿಯಿತು. ಗಳಿಕೆ ಸುಧಾರಿಸಿದ ಬಳಿಕ 1978ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ ಕುಟುಂಬದೊಡನೆ ನೆಲೆಸಿದರು. ಮೂರನೆಯ ಸಂಪುಟ 'ವೆನ್ ಐ ಆಮ್ ಗಾನ್' ಬಂದದ್ದು 1979ರಲ್ಲಿ. ಆರ್ಹೂಲಿ ಸಂಸ್ಥೆ ಹೊರತಂದ 'ಎಲಿಜಬೆತ್ ಕಾಟನ್ ಲೈವ್' ಕಛೇರಿಯ ಮುದ್ರಿಕೆಯಾದ್ದರಿಂದ ಅದರಲ್ಲಿ ಹಾಡಿನಷ್ಟೇ ಮಾತೂ ಇದೆ. ಹಾಡು ಹುಟ್ಟಿದ ಸಂದರ್ಭವನ್ನು ಕೇಳುಗರಿಗೆ ಹೇಳಿ, ಅವರನ್ನೂ ಹಾಡಿಗೆ ಸೇರಿಸಿಕೊಂಡು ಮುಂದುವರಿಯುವುದು ಅವರ ಕ್ರಮ. ಜನಪದ ಪ್ರದರ್ಶನವನ್ನು ಸಾಹಿತ್ಯಪಠ್ಯವಾಗಿ ಮಾತ್ರ ನೋಡುವವರು ಈ ಮುದ್ರಿಕೆಯನ್ನು ಕೇಳಬೇಕು. ಹಾಡಿನ ಕರ್ತೃತ್ವವನ್ನು ಸ್ಥಾಪಿಸುವ ಕೆಲಸವನ್ನು ಆ ಮಾತುಗಳು ಪ್ರತಿ ಕಛೇರಿಯಲ್ಲಿಯೂ ಹೊಸದಾಗಿ ಮಾಡುತ್ತಿದ್ದವು. ಅದಕ್ಕೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವರಿಗೆ ತೊಂಬತ್ತೆರಡು ವರ್ಷ. ಹಿಂದಿನ ವರ್ಷ ಅಮೆರಿಕದ ರಾಷ್ಟ್ರೀಯ ಪರಂಪರೆಯ ಫೆಲೋಶಿಪ್ ಸಂದಿತ್ತು. 2022ರಲ್ಲಿ ರಾಕ್ ಅಂಡ್ ರೋಲ್ ಸಂಗೀತದ ಗೌರವ ಸಭಾಂಗಣಕ್ಕೆ ಆದ್ಯ ಪ್ರಭಾವಿಗಳ ಸಾಲಿನಲ್ಲಿ ಅವರ ಹೆಸರು ಸೇರಿತು.

ಕಾಟನ್ ತೀರಿಕೊಂಡದ್ದು 1987ರ ಜೂನ್ 29ರಂದು. ಫೋಕ್‌ವೇಸ್‌ನ ಇಡೀ ಸಂಗ್ರಹ ಸ್ಮಿತ್‌ಸೋನಿಯನ್ ಸಂಸ್ಥೆಯ ವಶಕ್ಕೆ ಬಂದದ್ದೂ ಅದೇ ವರ್ಷ. 1958ರ ಮುದ್ರಿಕೆಗೆ 'ಗಿಟಾರಿನೊಡನೆ ಜನಪದ ಹಾಡುಗಳು ಮತ್ತು ವಾದನಗಳು' ಎಂಬರ್ಥದ, ಯಾರಿಗೂ ಒಪ್ಪಬಹುದಾಗಿದ್ದ ಶೀರ್ಷಿಕೆಯಿತ್ತು. 1989ರಲ್ಲಿ ಅದನ್ನು ಮರುಮುದ್ರಿಸಿದಾಗ ಶೀರ್ಷಿಕೆಯ ಮೊದಲಿಗೆ ಬಂದದ್ದು 'ಫ್ರೇಟ್ ಟ್ರೈನ್'. ಜೊತೆಗೆ ಉತ್ತರ ಕೆರೊಲಿನಾ ಎಂಬ ನಾಡಿನ ಹೆಸರು.